ಬವೇರಿಯಾದ ನಾಣ್ಯಕ್ಕೆ ಬಿದ್ದ ಮುತ್ತು

ನನ್ನ ಗಂಡನಿಗೆ ಹಳೆಯ ಜರ್ಮನ್ ಸಂಸ್ಥಾನಗಳ ಬೆಳ್ಳಿ ನಾಣ್ಯಗಳ ಹುಚ್ಚು. ಜರ್ಮನಿ ಒಂದೇ ದೇಶವಾಗುವ ಮೊದಲು ಅಲ್ಲಿ ಊರಿಗೊಬ್ಬ ದೊರೆ, ದೊರೆಗೊಂದು ಟಂಕಸಾಲೆ ಇತ್ತಂತೆ. ಪುತ್ತೂರಿನ ಬ್ಯಾರಿ ಮುಸಲ್ಮಾನರಿಗೆ ಆ ದೊರೆಗಳ ಜೊತೆ ಎಂತಹ ನಂಟೋ, ನನಗಂತೂ ಇವತ್ತಿಗೂ ತಿಳಿದಿಲ್ಲ. ಇಲ್ಲಿ ಗಲ್ಫಿನಲ್ಲಿ, ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಮನೆಗೆ ಯಾರೇ ಬರಲಿ, ಚಹಾ ಆರುವುದರೊಳಗೆ ಇವರು ಬಿಳಿ ಕೈಗವಸು ತೊಟ್ಟು ನಾಣ್ಯಗಳ ಟ್ರೇ ಹಿಡಿದು ಬರುತ್ತಾರೆ. ಗೊತ್ತಿದ್ದವರಿಗೆ ತಕ್ಷಣ ಪಾರ್ಕಿಂಗ್ ಟೈಮ್ ಮುಗಿದದ್ದು ನೆನಪಾಗುತ್ತದೆ.

ಕೆಳಗಿನ ಮನೆಗೆ ಹೊಸದಾಗಿ ಬಂದ ಆಂಟಿಗೆ ಇದು ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ಕ್ರಿಸ್ಮಸ್ಸಿಗೆ ತಿಂಡಿಗಳ ತಟ್ಟೆ ತಂದವರು, ತಾವೂ ಒಂದು ಕರಿದ ನೆವ್ರಿ ಮೆಲ್ಲುತ್ತಲೇ ಟ್ರೇಗೆ ಬಗ್ಗಿದರು. ದೊರೆಗಳ ಗುಂಗುರು ಟೋಪನ್ ನೋಡಿ, "ಇವರೆಲ್ಲ ಎಂತ, ಒಂದೇ ಸಲೂನಿಗೆ ಹೋಗುವವರಾ?" ಎಂದರು.

ನನ್ನವರು ನಗಲಿಲ್ಲ. ಬವೇರಿಯಾದ ಒಂದು ನಾಣ್ಯವನ್ನು ಮಗುಚಿ ತೋರಿಸಿದರು. ಹಿಂಬದಿಯಲ್ಲಿ ಮಗುವನ್ನೆತ್ತಿಕೊಂಡ ಮೇರಿ ಮಾತೆ.

"ಸಾಯ್ಬಿಣ್ ಮಾಯ್!"

ಆಂಟಿ ಅದನ್ನು ಬರಿಗೈಯಲ್ಲೇ ಎತ್ತಿ, ಕಣ್ಣಿಗೊತ್ತಿಕೊಂಡು, ಸದ್ದು ಬರುವಂತೆ ಮುತ್ತಿಟ್ಟರು. ಸ್ವಂತ ಮಗಳಿಗೂ ಮುಟ್ಟಲು ಬಿಡದ ನಾಣ್ಯ! ಬೆರಳಿನಲ್ಲಿ ನೆವ್ರಿಯ ಎಣ್ಣೆ ಬೇರೆ. ನನ್ನವರು ಕೈಗವಸಿನ ಎರಡೂ ಕೈ ಚಾಚಿಕೊಂಡು ನಿಂತೇ ಇದ್ದರು.

"ಮರ್ಯಂ ಬೀವಿ... ನಮಗೂ ದೊಡ್ಡವರೇ," ಎಂದಷ್ಟೇ ಅವರ ಬಾಯಿಂದ ಬಂತು.

ಆಂಟಿ ಹೋದ ಮೇಲೆ, "ಒರೆಸಿಬಿಡಿ ಮಾರಾಯ್ರೆ," ಎಂದೆ.

"ಒರೆಸ್ಲಿಕ್ಕೆ ಆಗುದಿಲ್ಲ. ಉಜ್ಜಿದ್ರೆ ಬೆಳ್ಳಿಯ ಹಳೇ ಬಣ್ಣ ಹೋಗ್ತದೆ. ಮತ್ತೆ ಖಲಾಸ್!"

ಆ ದಿನ ಅವರಿಗೆ ಊಟ ಸೇರಲಿಲ್ಲ.

ಮುಂದಿನ ಭಾನುವಾರ ಆಂಟಿ ಊದ್ ಮೇಥಾದ ಇಗರ್ಜಿಯಿಂದ ನೇರ ನಮ್ಮಲ್ಲಿಗೇ ಬಂದರು, ಜೊತೆಗೆ ಇಬ್ಬರು ಗೆಳತಿಯರು. "ಮಾತೆಯನ್ನು ನೋಡ್ಲಿಕ್ಕೆ." ಅಷ್ಟರಲ್ಲಿ ನನ್ನವರು ನಾಣ್ಯಕ್ಕೆ ಉರುಟಾದ ಪ್ಲಾಸ್ಟಿಕ್ ಡಬ್ಬಿ ತರಿಸಿದ್ದರು. ಮೂವರೂ ಡಬ್ಬಿಗೇ ಮುತ್ತಿಟ್ಟರು. "ಇದು ಗಂಟುನೋವಿಗೆ ಒಳ್ಳೆದಾ?" ಎಂದು ಒಬ್ಬರು ವಿಚಾರಿಸಿದರು. ತಾವಾಗಿಯೇ ಕೇಳಿಕೊಂಡು ಬಂದ ಮೊದಲ ಪ್ರೇಕ್ಷಕರು ಅವರು. ನನ್ನವರ ಮುಖ ಅರಳಿದ್ದನ್ನು ನಾನು ಅಡುಗೆಮನೆಯಿಂದಲೇ ನೋಡಿದೆ.

ಈಗಲೂ ಅವರು ಬರುತ್ತಿರುತ್ತಾರೆ. ಇವರೊಂದು ಕಟ್ಟಳೆ ಮಾಡಿದ್ದಾರೆ: ಮೊದಲು ದೊರೆಗಳೆಲ್ಲರ ದರ್ಶನ, ಕೊನೆಗೆ ಮಾತೆ. ಹೆಂಗಸರು ಪ್ರಷ್ಯಾ, ಸ್ಯಾಕ್ಸನಿಗಳನ್ನು ತಾಳ್ಮೆಯಿಂದ ದಾಟುತ್ತಾರೆ. ಮೊನ್ನೆ ಹ್ಯಾನೋವರ್ ಹತ್ತಿರ ಬಂದಾಗ ಆಂಟಿ ನನ್ನ ಕಿವಿಗೆ ಬಾಗಿದರು:

"ನಮ್ಮ ಫಾದರ್ ಪ್ರವಚನವೇ ಇದಕ್ಕಿಂತ ಸಣ್ಣದು ಮಾರಾಯ್ತಿ."