ಮನೆಯಿಂದ ಬಂದ ಹುಣ್ಣು

ಗುಂಡ್ಲುಪೇಟೆಯ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡು ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ ಹನ್ನೆರಡು ದಿನ ಮಲಗಿದ್ದೆ. ಮೂವತ್ತು ವರ್ಷ ನರ್ಸ್ ಆಗಿದ್ದವಳು ಪೇಶಂಟ್ ಆದದ್ದು ಅದೇ ಮೊದಲು. ಮಲಗಿ ನೋಡಿದರೆ ವಾರ್ಡ್ ಬೇರೆಯೇ ಕಾಣುತ್ತದೆ, ಬಿಲೀವ್ ಮಿ.

ಪಕ್ಕದ ಮಂಚಕ್ಕೆ ಚಂದಕವಾಡಿ ಕಡೆಯ ಅಜ್ಜಿಯೊಬ್ಬಳು ಬಂದಳು. ಲಕ್ವ ಹೊಡೆದು ಎಡಗಡೆ ಪೂರಾ ಬಿದ್ದುಹೋಗಿತ್ತು. ಜೊತೆಗಿದ್ದ ಸೊಸೆ ಅಂದೇ ನನ್ನೆದುರು ಅವಳ ಸೀರೆ ಬದಲಿಸಿದಳು. ಹಳೆಯ ಅಭ್ಯಾಸ, ನನ್ನ ಕಣ್ಣು ಸೀದಾ ಬೆನ್ನಿನ ಬುಡಕ್ಕೆ ಹೋಯಿತು. ಕ್ಲೀನ್ ಸ್ಕಿನ್. ಒಂದು ಕಲೆಯೂ ಇರಲಿಲ್ಲ.

ನಾಲ್ಕನೆಯ ದಿನ ಅಲ್ಲಿ ಚರ್ಮ ಕಿತ್ತು ಬಂದಿತ್ತು. ಬೆಡ್‌ಸೋರ್, ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು. ಡ್ರೆಸ್ಸಿಂಗ್ ಮಾಡಿದ ನರ್ಸ್ ಹುಡುಗಿಯನ್ನು ಫೈಲಿನಲ್ಲಿ ಏನು ಬರೆದೆಯೆಂದು ಕೇಳಿದೆ. ಹುಣ್ಣು ಮನೆಯಿಂದಲೇ ಬಂದದ್ದು ಎಂದು ಬರೆದಿದ್ದಳು.

"ಸುಳ್ಳು," ಅಂದೆ.

"ಇಲ್ಲೇ ಆಯ್ತು ಅಂತ ಬರೆದ್ರೆ ನಂಗೆ ಮೆಮೊ ಕೊಡ್ತಾರೆ ಮೇಡಂ. ನಮ್ ವಾರ್ಡಲ್ಲಿ ಹುಣ್ಣಿನ ಲೆಕ್ಕ ಪ್ರತಿ ತಿಂಗ್ಳೂ ಝೀರೋನೇ ಇರ್ಬೇಕು."

ಆ ಸೊನ್ನೆಯನ್ನು ಸರ್ವಿಸಿನಲ್ಲಿದ್ದಾಗ ನಾನೂ ಬರೆದವಳು. ಕಾನ್ವೆಂಟಿನ ಮದರ್ ಬೆರಳ ಗೆಣ್ಣಿಗೆ ಹೊಡೆದು ತಿದ್ದಿದ ಚೆಂದದ ಹ್ಯಾಂಡ್‌ರೈಟಿಂಗಿನಲ್ಲಿ ನಮ್ಮ ವಾರ್ಡಿನಲ್ಲೇ ರೋಗಿಯೊಬ್ಬರಿಗೆ ಆದ ಹುಣ್ಣನ್ನು ಮನೆಯವರ ತಲೆಗೆ ಕಟ್ಟಿದ್ದೆ. ಆ ರೋಗಿಯ ಮಗಳು "ನಾವೇ ಸರ್ಯಾಗಿ ನೋಡ್ಕಳ್ನಿಲ್ಲ" ಎಂದು ಅತ್ತಾಗ ಹೌದೆಂಬಂತೆ ತಲೆಯಾಡಿಸಿದ್ದೆ. ಆ ಮುಖ ಇವತ್ತಿಗೂ ಬಿಟ್ಟಿಲ್ಲ.

ಇನ್ನೊಮ್ಮೆ ತಲೆಯಾಡಿಸಲು ನಾನು ಸಿದ್ಧಳಿರಲಿಲ್ಲ.

ಹಳೆಯ ಲ್ಯಾಬ್ ರಿಪೋರ್ಟಿನ ಬೆನ್ನಿಗೆ, ಅಜ್ಜಿಯ ಮಗ್ಗುಲು ಬದಲಾದಾಗಲೆಲ್ಲ ಗಡಿಯಾರ ನೋಡಿ ಬರೆದುಕೊಂಡೆ. ಎರಡು ಹಗಲು ಬರೆದೆ. ಎರಡು ಗಂಟೆಗೊಮ್ಮೆ ಸೊಸೆಯೇ ತಿರುಗಿಸುತ್ತಿದ್ದಳು. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಮಾತ್ರ ಹಾಳೆ ಖಾಲಿ. ಆದರೆ ಮಂಚಕ್ಕೆ ತೂಗುಹಾಕಿದ ಚಾರ್ಟಿನಲ್ಲಿ ಆ ಹೊತ್ತಿಗೂ ಮಗ್ಗುಲು ಬದಲಿಸಿದಂತೆ ಟಿಕ್ ಮಾರ್ಕುಗಳಿದ್ದವು. ನರ್ಸ್ ಡ್ಯೂಟಿ ಮುಗಿಸಿ ಹೋಗುವಾಗ ಎಲ್ಲವನ್ನೂ ಒಟ್ಟಿಗೇ ಹಾಕುವುದು ಅಲ್ಲಿನ ವಾಡಿಕೆ.

ಸೊಸೆಯನ್ನು ಕೇಳಿದೆ.

"ನಾನ್ ಒಳ್ಗಿದ್ರೆ ತಾನೇ ಕಣವ್ವ? ಡಾಕ್ಟ್ರು ರೌಂಡ್ಸು, ಆಚ್ಗೋಗಿ ಅಂತ ದನ ಅಟ್ದಂಗೆ ಅಟ್ಬುಡ್ತರೆ. ಬಾಗ್ಲಲ್ಲಿ ಕುಂತ್ಕಂಡು ಏನ್ ಮಾಡನ?"

ನೋಡಿ, ಮಗ್ಗುಲು ಬದಲಿಸುವವಳನ್ನೇ ನಾಲ್ಕು ಗಂಟೆ ಹೊರಗೆ ಕೂರಿಸಿ, ಹುಣ್ಣು ಮನೆಯಿಂದ ಬಂತು ಎನ್ನುತ್ತಿದ್ದರು.

ನರ್ಸಿಂಗ್ ಸೂಪರಿಂಟೆಂಡೆಂಟ್ ಬಂದಾಗ ಹಾಳೆಯನ್ನು ಕೈಗಿಟ್ಟೆ.

"ನೀವು ಪೇಶಂಟು ಮೇಡಂ, ರೆಸ್ಟ್ ತಗೊಳ್ಳಿ."

"ರೆಸ್ಟ್ ತಗೊಂಡೇ ಬರೆದದ್ದು. ಓದಿ."

ಓದಿದರು. ಮುಖ ಕೆಂಪಾಯಿತು. "ಎಲ್ಲ ಆಸ್ಪತ್ರೇಲೂ ಝೀರೋ ಇರೋವಾಗ ನಾನೊಬ್ಳೇ ಒಂದು ಅಂತ ತೋರ್ಸಿದ್ರೆ ಮೀಟಿಂಗಲ್ಲಿ ಮುಖ ಎಲ್ಲಿಡ್ಲಿ?"

"ಮೊದ್ಲು ಆ ಅಜ್ಜಿ ಬೆನ್ನು ನೋಡಿ, ಆಮೇಲೆ ನಿಮ್ಮ ಮುಖದ ವಿಚಾರ. ಈ ನರ್ಸ್ ಹುಡುಗಿಗೆ ಮೆಮೊ ಕೊಡೋದಾದ್ರೆ ನಂಗೂ ಒಂದು ಕೊಡಿ, ಪೆನ್ಶನ್ ಬುಕ್ಕಿಗೆ ಅಂಟಿಸ್ಕೋತೀನಿ. ಮನೆಯವ್ರ ಹತ್ರ ನಾನೇ ಹೇಳ್ತೀನಿ, ಇದು ಇಲ್ಲೇ ಆದದ್ದು ಅಂತ."

ಹಾಳೆ ಹಿಡಿದುಕೊಂಡೇ ಹೊರಟುಹೋದರು. ಮಧ್ಯಾಹ್ನ ನರ್ಸ್ ಹುಡುಗಿ ಫೈಲ್ ತಂದು ತೋರಿಸಿದಳು. ಹಳೆಯ ಸಾಲನ್ನು ಹೊಡೆದುಹಾಕಿ, ಹುಣ್ಣು ವಾರ್ಡಿನಲ್ಲಿ ಆದದ್ದು ಎಂದು ಬರೆದಿದ್ದಳು. ಕೆಳಗೆ ಅವಳ ಸಹಿ, ಪಕ್ಕದಲ್ಲಿ ಸೂಪರಿಂಟೆಂಡೆಂಟರದೂ ಇತ್ತು.

ಮರುದಿನ ರೌಂಡ್ಸಿಗೆ ಮೊದಲು ಸೆಕ್ಯುರಿಟಿಯವನು ಬಂದು ರೋಗಿಗಳ ಜೊತೆಗಿದ್ದವರನ್ನೆಲ್ಲ ಆಚೆ ಹೋಗಲು ಎಬ್ಬಿಸಿದ. ಸೊಸೆ ನನ್ನನ್ನು ನೋಡಿದಳು. "ಕದಲಬೇಡ," ಅಂದೆ. ನರ್ಸ್ ಹುಡುಗಿಯೂ ಅವನಿಗೆ ಕೈ ಅಡ್ಡ ಮಾಡಿದಳು: "ಇವ್ರು ಇರ್ಲಿ ಬಿಡಿ."

ಹನ್ನೊಂದಕ್ಕೆ ಡಾಕ್ಟರು ಮಂಚದ ಬಳಿ ಬಂದರು. "ಪೇಶಂಟ್ ಕಡೆಯವ್ರು ಯಾಕಮ್ಮ ಒಳಗೆ?"

ಸೊಸೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಜ್ಜಿಯ ಭುಜದಡಿ ಕೈ ಹಾಕಿದಳು. "ವಸಿ ತಡೀರಿ ಸಾ. ನಮ್ಮತ್ತೆನ ಈ ಮಗ್ಗುಲ್ಗೆ ತಿರುಗುಸ್ಬುಡ್ತೀನಿ."

ಡಾಕ್ಟರು ಫೈಲ್ ಹಿಡಿದು ಕಾದರು.