ರಜಾಯಿ ಹೋದ ಊರು

ಗಾದಿ ಚಾಚಾನ ಹುಬ್ಬು ಯಾವ ವರ್ಷ ಬೆಳ್ಳಗಾಯಿತೆಂದು ಯಾರೂ ಹೇಳಲಾರರು. ಅದರ ಮೇಲೆ ಯಾವಾಗಲೂ ಅರಳೆ ಕೂತಿರುತ್ತಿತ್ತು. ಹುಬ್ಬಿನ ಮೇಲೆ, ಕಿವಿಯ ಕೂದಲಲ್ಲಿ, ಟೋಪಿಯ ಅಂಚಿನಲ್ಲಿ, ಕುಡಿಯುವ ಚಹಾದ ಲೋಟದಲ್ಲಿ ಕೂಡ. ಶುಕ್ರವಾರ ನಮಾಜಿಗೆ ಹೊರಡುವ ಮುಂಚೆ ಮುಖ ತೊಳೆದು ಬಂದರೆ ನಮಗೆ ಬೇರೆ ಯಾರೋ ಬಂದಂತೆ ಅನಿಸುತ್ತಿತ್ತು.

ಗೋವಾದ ಫೋಂಡಾ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅವರ ಗಾದಿ ಅಂಗಡಿ. ಅದಕ್ಕೆ ಗೋಡೆ ಹಚ್ಚಿ ನನ್ನ ಟಿಕೆಟ್ ಬುಕಿಂಗ್ ಅಂಗಡಿ. ವಿಜಯಪುರ, ಬಾಗಲಕೋಟೆ, ಹುಬ್ಬಳ್ಳಿ ಕಡೆಯ ಮಂದಿಗೆ ಊರಿಗೆ ಹೋಗುವ ಬಸ್ಸು, ರೈಲು ಹೊಂದಿಸಿ ಕೊಡುವುದು ನನ್ನ ಕೆಲಸ. ವೇಟಿಂಗ್ ಲಿಸ್ಟಿನಲ್ಲಿ ಸಿಕ್ಕಿಬಿದ್ದವರಿಗೆ "ಕನ್ಫರ್ಮ್ ಆಗತೈತಿ, ಆರಾಮ ಹೋಗ್ರಿ" ಎಂದು ಧೈರ್ಯ ಹೇಳುವುದೂ ಅದೇ ಕೆಲಸದ ಒಂದು ಭಾಗ. ಚಾಚಾ ಸಿಂದಗಿ ಕಡೆಯ ಪಿಂಜಾರರು. ಹರೆಯದಲ್ಲಿ ಅರಳೆ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಗೋವಾಕ್ಕೆ ಬಂದು, ಬಿಲ್ಲು ಹೋಗಿ ಮಶೀನು ಬಂದ ಮೇಲೂ ಅದೇ ಅಂಗಡಿಯಲ್ಲಿ ಉಳಿದವರು. ಓಣಿಗೆಲ್ಲ ಗಾದಿ ಚಾಚಾ.

ಮಳೆಗಾಲ ಮುಗಿದ ಕೂಡಲೇ ಅವರಿಗೆ ಕೈ ಬಿಡುವಿರುತ್ತಿರಲಿಲ್ಲ. ಗೋವಾದ ಮಳೆಗೆ ಹಸಿ ಹಿಡಿದು ಗಂಟುಗಟ್ಟಿದ ಗಾದಿಗಳನ್ನು ಜನ ರಿಕ್ಷಾದ ಮೇಲೆ ಹೇರಿಕೊಂಡು ತರುತ್ತಿದ್ದರು. ಚಾಚಾ ಹೊಲಿಗೆ ಬಿಚ್ಚಿ ಒಳಗೆ ಕೈ ಹಾಕಿ ಅರಳೆಯನ್ನು ಹಿಸುಕಿ ನೋಡುತ್ತಿದ್ದರು. ಯಾರೋ ಬಹಳ ದಿನ ಜ್ವರದಲ್ಲಿ ಮಲಗಿದ್ದಾರೆ, ಇಬ್ಬರು ಮಲಗುವ ಗಾದಿಯಲ್ಲಿ ಒಬ್ಬರೇ ಮಲಗುತ್ತಿದ್ದಾರೆ ಎಂದೆಲ್ಲ ಅವರಿಗೆ ತಿಳಿಯುತ್ತಿತ್ತು. ಬೆವರು ಕುಡಿದ ಅರಳೆ ಬೇರೆ, ಹವೆಯ ನೀರು ಕುಡಿದ ಅರಳೆ ಬೇರೆ ಎನ್ನುತ್ತಿದ್ದರು. ಗಿರಾಕಿಯ ಎದುರು ಮಾತ್ರ ಇದನ್ನೆಲ್ಲ ಆಡುತ್ತಿರಲಿಲ್ಲ. ಗಿರಾಕಿ ಹೋದ ಮೇಲೆ ನನಗೆ ಹೇಳುತ್ತಿದ್ದರು, ನಾನು ನಂಬದವನಂತೆ ಮುಖ ಮಾಡುತ್ತಿದ್ದೆ.

ಮಾತಿನಲ್ಲಿ ಅವರನ್ನು ಸೋಲಿಸುವುದು ಕಷ್ಟವಿತ್ತು. ಯಾರಾದರೂ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂದು ಬುದ್ಧಿ ಹೇಳಿದರೆ, "ಕಾಲು ಯಾಕ ಮಡಚತೀರಿ, ನನ್ನ ಕಡೆ ಬರ್ರಿ, ಹಾಸಗಿ ಉದ್ದ ಮಾಡಿ ಕೊಡತೇನಿ" ಅನ್ನುತ್ತಿದ್ದರು. ಹೊದೆಯಲು ಅರಳೆ ತುಂಬಿ ಹೊಲಿದ ರಜಾಯಿ ಮಾರುವಾಗ ಒಂದೇ ಮಾತು: "ಇದನ್ನ ಹೊದ್ಕೊಂಡು ಹಿಮಾಲಯದಾಗ ಮಲಗ್ರಿ, ಬೆವರಲಿಲ್ಲಂದ್ರ ನನ್ನ ಹೆಸರ ಬದಲಿಸ್ರಿ." ಡಿಸೆಂಬರಿನಲ್ಲೂ ಫ್ಯಾನ್ ಹಾಕಿಕೊಂಡು ಮಲಗುವ ಗೋವಾದಲ್ಲಿ ಈ ಮಾತನ್ನು ಪರೀಕ್ಷೆ ಮಾಡುವವರು ಯಾರು?

ಪರೀಕ್ಷೆ ಮಾಡುವವನೊಬ್ಬ ಬಂದ. ಚಳಿಗಾಲದಲ್ಲಿ ನಮ್ಮ ಓಣಿಯ ಬಾಯಿಗೆ ತಾಡಪತ್ರಿ ಕಟ್ಟಿ ಸ್ವೆಟರ್ ಮಾರುವ ಗುಡ್ಡದವನು ಅವನು. ಹಿಮಾಲಯದ ಸ್ಪಿತಿ ಕಣಿವೆಯ ಕಾಜಾ ಎಂಬ ಊರಿನವನು. ಅಲ್ಲಿ ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ ಇಳಿದು ಬಂದು, ಬೇಸಿಗೆ ಹೊತ್ತಿಗೆ ಹತ್ತಿ ಹೋಗುತ್ತಿದ್ದ. ಗೋವಾದಲ್ಲಿ ಸ್ವೆಟರ್ ಮಾರುವವನೊಬ್ಬ, ರಜಾಯಿ ಮಾರುವವರೊಬ್ಬರು, ಇಬ್ಬರೂ ಒಂದೇ ನಮೂನೆಯ ಹುಚ್ಚರು ಎಂದು ನಾನು ನಗುತ್ತಿದ್ದೆ. ಒಂದು ದಿನ ಚಾಚಾ ಒಬ್ಬ ಹೆಣ್ಣು ಗಿರಾಕಿಗೆ ಹಿಮಾಲಯದ ಮಾತು ಹೇಳುವಾಗ ಅವನು ಅಲ್ಲೇ ಚಹಾ ಕುಡಿಯುತ್ತಿದ್ದ. ಎದ್ದು ಬಂದು ರಜಾಯಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ನಮ್ಮ ಊರಲ್ಲಿ ಇದು ಕತ್ತೆಗೆ ಹೊದಿಸಲೂ ಸಾಲದು ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಗಿರಾಕಿಯೂ ನಕ್ಕಳು. ಚಾಚಾ ನಗಲಿಲ್ಲ.

ಅವತ್ತಿನಿಂದ ಅವರು ಆ ಮಾತನ್ನು ಆಡುವುದು ಬಿಟ್ಟರು. ಒಂದು ವಾರದ ಮೇಲೆ ನನ್ನ ಅಂಗಡಿಗೆ ಬಂದು, ಗಿರಾಕಿಯ ಕುರ್ಚಿಯಲ್ಲೇ ಕೂತು, ಕಾಜಾಕ್ಕೆ ಟಿಕೆಟ್ ಕೊಡು ಎಂದರು. ನಾನು ಚೇಷ್ಟೆ ಎಂದುಕೊಂಡೆ.

"ಅವಂದೇನು ತಪ್ಪಿಲ್ಲ, ಅವ ಥಂಡಿ ಕಂಡಾನ" ಎಂದರು ಚಾಚಾ. "ನಾ ಕಂಡಿಲ್ಲ. ಕಾಣದ್ದರ ಮ್ಯಾಲ ಆಣಿ ಮಾಡಿ ಮಾರೇನಿ. ಒಂದು ರಾತ್ರಿ ಅಲ್ಲಿ ನನ್ನ ರಜಾಯಿ ಹೊದ್ಕೊಂಡು ಮಲಗತೇನಿ. ಬೆವತರ ಬೆವತೆ, ನಡಗಿದರ ನಡಗಿದೆ."

ಅವರಿಗೆ ಒಳಗೊಳಗೇ ಒಂದು ನಂಬಿಕೆಯಿತ್ತು. ಗೋವಾದ ಹವೆಯಲ್ಲಿ ಅರಳೆ ನೀರು ಕುಡಿದು ಕುಗ್ಗುತ್ತದೆ, ಮಳೆಯೇ ಬಾರದ ಆ ಮರಳು ಗುಡ್ಡದ ಊರಲ್ಲಿ ಒಣಗಿ ಉಬ್ಬುತ್ತದೆ, ಉಬ್ಬಿದ ಅರಳೆಯ ಬಿಸಿ ಆ ಗುಡ್ಡದವನಿಗೂ ಗೊತ್ತಿಲ್ಲ ಎನ್ನುವುದು. ಗುಡ್ಡದವನ ಜೊತೆ ಅವರಿಗೆ ಜಗಳವೇನೂ ಆಗಲಿಲ್ಲ. ಅವನೇ ಕೂತು ದಾರಿ ಹೇಳಿಕೊಟ್ಟ. ಬೇಸಿಗೆಯಲ್ಲಿ ಬಂದರೆ ಪರೀಕ್ಷೆ ಆಗುವುದಿಲ್ಲ, ಚಳಿಗಾಲದಲ್ಲಿ ದಾರಿ ಇರುವುದಿಲ್ಲ. ಬಟಾಣಿ ಕೊಯ್ಲು ಮುಗಿದು ಮರದ ಎಲೆ ಹಳದಿಯಾಗುವ ಹೊತ್ತಿಗೆ, ದಸರೆಯ ಆಸುಪಾಸಿಗೆ ಬರಬೇಕು. ಆಗ ರಾತ್ರಿ ನೀರು ಕಲ್ಲಾಗುತ್ತದೆ, ಹಗಲು ಬಿಸಿಲಿರುತ್ತದೆ. ನಮ್ಮ ಮನೆಯಲ್ಲೇ ಉಳಿಯಿರಿ, ತಾಯಿ ಇದ್ದಾಳೆ ಎಂದ.

ದಸರೆಯ ಆಸುಪಾಸೆಂದರೆ ಗಾದಿಯವರ ಸುಗ್ಗಿ. ಮೊದಲ ವರ್ಷ ಟಿಕೆಟ್ ತೆಗೆಯುವ ಹೊತ್ತಿಗೆ ಮಾರ್ದೋಳದ ಒಂದು ಮದುವೆ ಮನೆಯವರು ಬಂದರು. ಮಗಳ ಗಾದಿ ಚಾಚಾನ ಕೈಯಿಂದಲೇ ಆಗಬೇಕು ಎಂದು ಕೂತರು. ಹೊಸ ಸಂಸಾರದ ಹಾಸಿಗೆಯನ್ನು ಒಲ್ಲೆ ಎನ್ನಬಾರದು ಎಂದು ಚಾಚಾ ಒಪ್ಪಿಕೊಂಡರು. ಮುಂದಿನ ವರ್ಷ ಹೋದರಾಯಿತು, ಗುಡ್ಡ ಎಲ್ಲಿ ಓಡಿ ಹೋಗುತ್ತದೆ ಎಂದು ನಾನೂ ಅಂದೆ. ಎರಡನೇ ವರ್ಷ ಇಬ್ಬರಿಗೂ ಟಿಕೆಟ್ ತೆಗೆದಿದ್ದೆ. ಅವರ ಜೊತೆ ನಾನೂ ಹೋಗುವುದೆಂದು ಆಗಿತ್ತು, ಯಾಕೆಂದರೆ ಊರಿಗೆಲ್ಲ ಟಿಕೆಟ್ ಕೊಡುವ ನಾನು ಪುಣೆಯ ಆಚೆ ಕಾಲಿಟ್ಟವನಲ್ಲ. ಆ ಸಲ ಗುಡ್ಡ ಕುಸಿದು ದಾರಿ ಮುಚ್ಚಿತು. ಚಾಚಾ ಬೇಸರ ಮಾಡಿಕೊಳ್ಳಲಿಲ್ಲ. ಸಿಕ್ಕ ಪುರಸೊತ್ತಿನಲ್ಲಿ ಒಯ್ಯಬೇಕೆಂದಿದ್ದ ರಜಾಯಿಯನ್ನು ಬಿಚ್ಚಿ ಇನ್ನಷ್ಟು ಒಳ್ಳೆಯ ಅರಳೆ ತುಂಬಿದರು. ಅವರ ಹೆಂಡತಿ ಚಾಚಿ ಅದಕ್ಕೆ ಒತ್ತಾಗಿ ಹೊಸ ಹೊಲಿಗೆ ಹಾಕಿದರು.

ಮೂರನೇ ವರ್ಷ ಇಬ್ಬರಿಗೂ ಟಿಕೆಟ್ ತೆಗೆದ ಮೇಲೆ ಗುಡ್ಡದವನು ಫೋನಿನಲ್ಲಿ ಹೇಳಿದ, ವಯಸ್ಸಾದವರು, ಡಾಕ್ಟರಿಗೆ ತೋರಿಸಿ ಕರೆದುಕೊಂಡು ಬಾ, ಇಲ್ಲಿ ಗಾಳಿ ತೆಳು. ಚಾಚಾನ ಕೆಮ್ಮನ್ನು ನಾವು ಯಾರೂ ಕೆಮ್ಮೆಂದು ತಿಳಿದೇ ಇರಲಿಲ್ಲ. ಅದು ಮಶೀನಿನ ಸದ್ದಿನ ಜೊತೆಗೆ ಇರುವ ಇನ್ನೊಂದು ಸದ್ದಾಗಿತ್ತು. ಡಾಕ್ಟರು ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ಇಷ್ಟು ವರ್ಷದ ಅರಳೆಯ ಧೂಳು ಒಳಗೇ ಕೂತಿದೆ, ಹನ್ನೆರಡು ಸಾವಿರ ಅಡಿ ಎತ್ತರಕ್ಕೆ ಇವರು ಹೋಗುವ ಹಾಗಿಲ್ಲ ಎಂದರು. ಎರಡು ಮೂರು ವರ್ಷ ಹಿಂದೆ ಕೇಳಿದ್ದರೆ ನೋಡಬಹುದಿತ್ತೇನೋ ಎಂದೂ ಸೇರಿಸಿದರು. ಚಾಚಾ ಅಷ್ಟೇ ಥಂಡಿ ಇರುವ, ಆದರೆ ಸ್ವಲ್ಪ ಕೆಳಗಿರುವ ಊರು ಯಾವುದಾದರೂ ಇದೆಯೇ ಎಂದು ಡಾಕ್ಟರನ್ನು ಕೇಳಿದರು. ಡಾಕ್ಟರು ನಕ್ಕರು. ನನಗೆ ಆ ನಗೆಯ ಮೇಲೆ ಇವತ್ತಿಗೂ ಸಿಟ್ಟಿದೆ.

ವಾಪಸು ಬಂದು ಚಾಚಾ ಅಂಗಡಿಯ ಮೆಟ್ಟಿಲ ಮೇಲೆ ಕೂತು ಉಸಿರು ಸುಧಾರಿಸಿಕೊಂಡು, ನೀನು ಹೋಗು ಎಂದರು. ತಮ್ಮ ಟಿಕೆಟ್ ರದ್ದು ಮಾಡಬಾರದು, ಆ ಬರ್ತಿನ ಮೇಲೆ ರಜಾಯಿ ಇಡಬೇಕು ಎಂದು ಅಪ್ಪಣೆಯಾಯಿತು. ಹಾಗೆಯೇ ಮಡಗಾಂವದಲ್ಲಿ ರಜಾಯಿಯನ್ನು ಅವರ ಬರ್ತಿನ ಮೇಲೆ ಇಟ್ಟೆ. ರತ್ನಾಗಿರಿ ಬರುವಷ್ಟರಲ್ಲಿ ಟಿಸಿ ಬಂದು ಆ ಜಾಗವನ್ನು ಬೇರೆಯವರಿಗೆ ಕೊಟ್ಟ. ರಜಾಯಿ ನನ್ನ ಕಾಲ ಬುಡಕ್ಕೆ ಬಂತು.

ಕಾಜಾದಲ್ಲಿ ಗುಡ್ಡದವನ ಮನೆಯ ಒಲೆಯಿಲ್ಲದ ಕೋಣೆಯನ್ನು ಕೇಳಿ ಪಡೆದು, ಉಣ್ಣೆಯ ಕಂಬಳಿ ಬೇಡವೆಂದು, ಬನಿಯನ್ನಿನ ಮೇಲೆ ಆ ರಜಾಯಿಯೊಂದನ್ನೇ ಹೊದ್ದು ಮಲಗಿದೆ. ಸತ್ತರೆ ಚಾಚಾನ ಹೆಸರು ಹೇಳಿ ಸಾಯುವುದು ಎಂದುಕೊಂಡಿದ್ದೆ. ಬೆಳಿಗ್ಗೆ ಎದ್ದಾಗ ಹೊರಗೆ ಬಕೆಟ್ಟಿನ ನೀರು ಕಲ್ಲಾಗಿತ್ತು, ನನ್ನ ಕುತ್ತಿಗೆ, ಬೆನ್ನು ಒದ್ದೆಯಾಗಿದ್ದವು. ನಿಜವಾಗಿ ಬೆವತಿದ್ದೆ. ಗುಡ್ಡದವನು ನನ್ನ ಬನಿಯನ್ನು ಮುಟ್ಟಿ ನೋಡಿ, ತಪ್ಪಾಯಿತೆಂದು ಎರಡೂ ಕಿವಿ ಹಿಡಿದುಕೊಂಡ. ಅವನ ಮುದಿ ತಾಯಿ ರಜಾಯಿಯನ್ನು ಮಡಿಲಿಗೆ ಎಳೆದುಕೊಂಡು ಕೈಯಾಡಿಸುತ್ತಾ ಕೂತಳು. ಹೊರಡುವ ದಿನ ಅದನ್ನು ಆಕೆಗೇ ಕೊಟ್ಟುಬಿಟ್ಟೆ. ಹಿಮಾಲಯದಲ್ಲಿ ತಮ್ಮ ರಜಾಯಿ ಉಳಿಯಿತೆಂದರೆ ಚಾಚಾ ಹಿಗ್ಗುತ್ತಾರೆ ಎಂದು ನನ್ನ ಲೆಕ್ಕ.

ಬಂದು, ಬೆವತದ್ದನ್ನೆಲ್ಲ ಹೇಳಿದೆ. ಚಾಚಾ ಕೇಳಿ ಕೈ ಚಾಚಿದರು.

"ರಜಾಯಿ ಎಲ್ಲೈತಿ? ಕೊಡು, ಅರಳಿ ಹಿಸುಕಿ ನೋಡತೇನಿ."

ಕೊಟ್ಟು ಬಂದೆ ಎಂದಾಗ ಚಲೋ ಮಾಡಿದಿ, ಮುದುಕಿ ಬೆಚ್ಚಗಿರಲಿ ಎಂದರು. ಚಾಚಿದ ಕೈಯನ್ನು ಮಾತ್ರ ತಕ್ಷಣ ಹಿಂದಕ್ಕೆ ತೆಗೆಯಲಿಲ್ಲ. ನಾನು ಬೆವತದ್ದು ಖರೇ, ಗುಡ್ಡದವನನ್ನು ಕೇಳಿ ಎಂದು ಆಣೆ ಮಾಡಿದೆ.

"ತಮ್ಮಾ, ಎದಿ ಫೋಟೋ ತಗಸಿದ ದಿನದಿಂದ ನನಗ ಒಬ್ಬರೂ ಬೈದಿಲ್ಲ. ಬೈಯೂದು ಬಿಟ್ಟ ಮಂದಿ ಖರೇ ಹೇಳೂದೂ ಬಿಟ್ಟಿರತಾರ. ನೀ ವೇಟಿಂಗ್ ಲಿಸ್ಟಿನವರಿಗೆ ಹೇಳೂ ಮಾತು ನನಗೂ ಗೊತ್ತೈತಿ."

ಜೀವಮಾನದಲ್ಲಿ ಒಂದು ಮಾತನ್ನು ಪೂರ್ತಿ ಖರೇ ಹೇಳಲು ಎರಡು ಸಾವಿರ ಮೈಲಿ ಹೋಗಿ ಬಂದಿದ್ದೆ, ಅದನ್ನೇ ಅವರು ನಂಬಲಿಲ್ಲ. ಚಳಿಗಾಲದಲ್ಲಿ ಇಳಿದು ಬಂದ ಗುಡ್ಡದವನೂ ಹೇಳಿ ನೋಡಿದ. ನೀವಿಬ್ಬರೂ ಕೂಡಿಕೊಂಡು ಬಂದೀರಿ ಎಂದು ಚಾಚಾ ನಕ್ಕುಬಿಟ್ಟರು. ಹಿಮಾಲಯದ ಮಾತನ್ನು ಮತ್ತೆ ಯಾವ ಗಿರಾಕಿಗೂ ಹೇಳಲಿಲ್ಲ. ಬೇಸಿಗೆಯ ಹೊತ್ತಿಗೆ ಮಶೀನು ನಿಂತಿತು.

ಮಳೆ ಹಿಡಿದ ಮೇಲೆ ಅವರು ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತೇ ಇರುತ್ತಿದ್ದರು. ಮಲಗಿದರೆ ಉಸಿರು ಹತ್ತುತ್ತಿತ್ತು. ನಾನು ಸಂಜೆ ಅಂಗಡಿ ಮುಚ್ಚಿ ಹೋಗಿ ಕೂತು, ಪ್ರತಿ ಸಲವೂ ಆ ರಜಾಯಿಯ ವಾದವನ್ನೇ ತೆಗೆಯುತ್ತಿದ್ದೆ. ಒಂದು ಸಂಜೆ ಅವರು ನನ್ನ ಮೊಣಕಾಲ ಮೇಲೆ ಕೈಯಿಟ್ಟರು.

"ನೀ ಬೆವತೇ ಇರಬೇಕು, ಬಿಡು. ರಜಾಯಿದು ಏನಿಲ್ಲಪಾ. ನನಗ ಹೋಗಬೇಕಾಗಿತ್ತು."

ಅಷ್ಟು ದಿನ ನನಗೆ ಅದು ಹೊಳೆದಿರಲೇ ಇಲ್ಲ. ಒಂದು ಬೆವರಿನ ಸಾಕ್ಷಿ ಹಿಡಿದುಕೊಂಡು ಕುಣಿಯುತ್ತಿದ್ದೆನೇ ಹೊರತು, ಆ ಊರು ಹೇಗಿದೆ ಎಂದು ಅವರಿಗೆ ಒಂದು ಮಾತೂ ಹೇಳಿರಲಿಲ್ಲ. ಹೋಗಲಾಗದವರ ಎದುರು ಹೋಗಿ ಬಂದವನು ಬಡಾಯಿ ಹೊಡೆಯಬಾರದು ಎಂದುಕೊಂಡಿದ್ದೆ. ಹೇಳಲೇ ಎಂದು ಕೇಳಿದೆ. ಅವರ ಮುಖದಲ್ಲಿ ಬಹಳ ದಿನದ ಮೇಲೆ ಹಳೆಯ ಚೇಷ್ಟೆ ಬಂತು.

"ಒಮ್ಮೆಲೆ ಬ್ಯಾಡ. ಎತ್ತರದ ಊರು, ನಿಧಾನ ಹತ್ತಬೇಕಂತ ಗುಡ್ಡದಾಂವನ ಹೇಳ್ಯಾನ. ದಿನಾ ಸ್ವಲ್ಪ ಸ್ವಲ್ಪ ಕರಕೊಂಡು ಹೋಗು."

ಹೀಗೆ ನಾವು ಮಾತಿನಲ್ಲೇ ಹೊರಟೆವು. ಮೊದಲ ಸಂಜೆ ಮಡಗಾಂವದಿಂದ ಕೊಂಕಣದ ಸುರಂಗಗಳು. ಮರುದಿನ ದಿಲ್ಲಿ. ಆಮೇಲೆ ಶಿಮ್ಲಾ, ಆಮೇಲೆ ಸತ್ಲಜ್ ನದಿಯ ಅಂಚು ಹಿಡಿದು ಹೋಗುವ ಬಸ್ಸು. ಮಳೆ ಹೆಂಚಿನ ಮೇಲೆ ಹೊಡೆಯುತ್ತಿರುವಾಗ, ಹುಲ್ಲು ಕೂಡ ನಿಂತುಹೋಗಿ ಬರೀ ಬೂದು ಗುಡ್ಡ, ನೀಲಿ ಆಕಾಶ ಉಳಿಯುವ ತಿರುವಿಗೆ ಬಂದೆವು. ದನ ಏನು ತಿನ್ನುತ್ತವೆ ಎಂದು ಚಾಚಾ ಕೇಳಿದರು. ನಡುವೆ ಚಹಾ ಎಲ್ಲಿ ಸಿಗುತ್ತದೆ ಎಂದು ಚಾಚಿ ಕೇಳಿದರು. ಅಲ್ಲಿ ಒಗೆದ ಬಟ್ಟೆ ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ಮತ್ತೆ ಚಾಚಾ. ಮಧ್ಯಾಹ್ನದೊಳಗೆ ಎಂದಾಗ ಹಸಿ ಗೋಡೆಯ ಕಡೆ ನೋಡಿ ತಲೆಯಾಡಿಸಿದರು. ಒಂದು ಕಡೆ ಜಾಸ್ತಿ ಕೆಮ್ಮು ಬಂದು ಅಲ್ಲೇ ಎರಡು ದಿನ ಉಳಿದೆವು.

ಕೊನೆಗೆ ಒಂದು ಸಂಜೆ ಕಾಜಾ ತಲುಪಿದೆವು. ಬಸ್ಸಿಳಿದು, ಹಳದಿ ಎಲೆ ಉದುರಿದ ಓಣಿಯಲ್ಲಿ ನಡೆದು, ಮಾಳಿಗೆಯ ಮೇಲೆ ಮೇವು ಒಟ್ಟಿದ ಸುಣ್ಣದ ಮನೆಯ ಮುಂದೆ ನಿಂತೆವು. ಬಾಗಿಲು ಬಹಳ ಗಿಡ್ಡ, ತಲೆ ಬಗ್ಗಿಸಬೇಕು ಎಂದೆ.

"ಇಲ್ಲೇ ನಿಂದ್ರು" ಎಂದರು ಚಾಚಾ. "ಉಸುರು ಹತ್ತೈತಿ. ಒಳಗ ನಾಳೆ ಹೋಗೋಣು."

ಮರುದಿನ ಮಧ್ಯಾಹ್ನ ಅವರು ತೀರಿಕೊಂಡರು. ನಾನು ಆಗ ಯಾರಿಗೋ ಹುಬ್ಬಳ್ಳಿಯ ಟಿಕೆಟ್ ತೆಗೆಯುತ್ತಿದ್ದೆ. ಮಳೆಯಲ್ಲೇ ಮಣ್ಣು ಮಾಡಿ ಬಂದೆವು.

ನಲವತ್ತನೆಯ ದಿನದ ಫಾತೇಹಾ ಮುಗಿದು ಮಂದಿ ಎಲ್ಲ ಹೋದ ಮೇಲೆ ಚಾಚಿ ನನ್ನನ್ನು ಕೂರಿಸಿದರು. "ಬಾಗಲ ತನಕ ನಾನೂ ಬಂದೇನಿ. ಒಳಗ ಏನಿತ್ತು, ನನಗರ ಹೇಳು" ಎಂದರು.

ಒಳಗೆ ಒಲೆಯಿತ್ತು, ಅದರ ಮೇಲೆ ಕುದಿಯುವ ಕಿಟ್ಲಿ. ಒಲೆಯ ಪಕ್ಕ ಆ ಮುದಿ ತಾಯಿ. ಇಬ್ಬರು ಬರುತ್ತಾರೆಂದು ಮಗ ಹೇಳಿದ್ದನಂತೆ, ಒಬ್ಬರು ಬರುವುದಿಲ್ಲವೆಂದು ಹೇಳಲು ಮರೆತಿದ್ದ. ಆಕೆ ಎರಡು ಹಾಸಿಗೆ ಹಾಸಿ, ಎರಡು ಬಟ್ಟಲು ತೊಳೆದು ಇಟ್ಟಿದ್ದಳು. ನಾನು ತಲೆ ಬಗ್ಗಿಸಿ ಒಳಗೆ ಹೋದಾಗ ನನ್ನ ಕೈ ಹಿಡಿದುಕೊಂಡು, ನನ್ನ ಹೆಗಲ ಆಚೆ ಬಾಗಿಲ ಕಡೆಗೇ ನೋಡುತ್ತಾ ನಿಂತಳು. ತಣ್ಣನೆಯ ಗಾಳಿ ಒಳಗೆ ನುಗ್ಗುತ್ತಿದ್ದರೂ ಬಹಳ ಹೊತ್ತು ಬಾಗಿಲು ಮುಚ್ಚಲು ಬಿಡಲಿಲ್ಲ.

ಚಾಚಾನ ಮನಸ್ಸು ನೋಯುತ್ತದೆ ಎಂದು ಇದೊಂದನ್ನು ನಾನು ಹೇಳದೆ ಇಟ್ಟುಕೊಂಡಿದ್ದೆ. ಕಾಜಾದಿಂದ ಬಂದ ಮೊದಲ ದಿನವೇ, ಬೆವರಿನ ಮಾತಿಗೂ ಮುಂಚೆ, ಅವರಿಗೆ ಇದನ್ನು ಹೇಳಬೇಕಾಗಿತ್ತು.