ನಾಲಿಗೆಯ ಮೇಲಿನ ಮಚ್ಚೆ

ನನ್ನ ನಾಲಿಗೆಯ ಎಡಬದಿಯಲ್ಲಿ, ತುದಿಯಿಂದ ತುಸು ಹಿಂದೆ, ಸಾಸಿವೆ ಕಾಳಿನಷ್ಟು ಕಪ್ಪು ಮಚ್ಚೆಯಿದೆ. ಮಚ್ಚೆ ಇರುವ ನಾಲಿಗೆ ಆಡಿದ್ದು ಆಗಿಯೇ ತೀರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಹಾಗಾಗಿ ಮೈಸೂರಿನ ನಮ್ಮ ಬೀದಿಯಲ್ಲಿ ಪರೀಕ್ಷೆಗೆ ಹೊರಟವರೆಲ್ಲ ನಮ್ಮ ಗೇಟಿನ ಹತ್ತಿರ ನಿಂತು, "ಪಾಸಾಗ್ತೀಯ ಅಂತ ಹೇಳೇ" ಎಂದು ನನ್ನ ಬಾಯಿಂದ ಹೇಳಿಸಿಕೊಂಡು ಹೋಗುತ್ತಿದ್ದರು. ಅದೇ ನಾಲಿಗೆ ನನ್ನ ಗಣಿತಕ್ಕೆ ಮಾತ್ರ ಒಂದು ದಿನವೂ ನೆರವಾಗಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಅಮೆರಿಕದ ಎಲಿಕಾಟ್ ಸಿಟಿಗೆ ಬಂದೆ. ಗಂಡನಿಗೆ ಕೆಲಸದ ವೀಸಾ, ನನಗೆ ಕೆಲಸ ಮಾಡಬಾರದ ವೀಸಾ. ನಮ್ಮ ಟೌನ್‌ಹೌಸ್ ಸಾಲಿನಲ್ಲೇ ಎರಡು ಮನೆ ಆಚೆ ಮೈಸೂರಿನವಳೇ ಒಬ್ಬಳಿದ್ದದ್ದು ನನ್ನ ಪುಣ್ಯ. ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ನನಗೆ ಕಾರು ಕಲಿಸಿದವಳು ಅವಳೇ. ನಾನು ಒಮ್ಮೆ ಕಸದ ಡಬ್ಬಿಯನ್ನು ಉರುಳಿಸಿದಾಗ ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವತ್ತಿನಿಂದ ಅವಳು ನನ್ನ ಪ್ರಾಣಸ್ನೇಹಿತೆ.

ಅವಳು ಬಸುರಿಯಾದಳು. ಬಾಣಂತನಕ್ಕೆ ಊರಿಂದ ಅಮ್ಮ ಬರಬೇಕು ಎನ್ನುವುದೊಂದೇ ಅವಳ ಆಸೆ. ಒಂದು ದಿನ ಅವಳ ಅಡುಗೆಮನೆಯಲ್ಲಿ ಇಬ್ಬರೂ ಹುರುಳಿಕಾಯಿ ಹೆಚ್ಚುತ್ತಿದ್ದೆವು.

"ನಾಳಿದ್ದು ಮದರಾಸಲ್ಲಿ ಅಮ್ಮಂಗೆ ವೀಸಾ ಇಂಟರ್‌ವ್ಯೂ ಕಣೇ," ಎಂದಳು.

"ಈಗೀಗ ತುಂಬ ರಿಜೆಕ್ಟ್ ಮಾಡ್ತಿದಾರಂತೆ. ಕೊಡ್ತಾರೋ ಇಲ್ವೋ," ಎಂದುಬಿಟ್ಟೆ.

ಅವಳ ಚಾಕು ನಿಂತಿತು. "ಥೂ, ಬಿಡ್ತು ಅನ್ನೇ!"

ಕೆಟ್ಟ ಮಾತು ಬಾಯಿ ಜಾರಿದರೆ, ಮೇಲೆ ಓಡಾಡುವ ದೇವತೆಗಳು ಅದಕ್ಕೆ ಅಸ್ತು ಎನ್ನುವ ಮುಂಚೆ ನಾವು "ಬಿಡ್ತು" ಎಂದು ವಾಪಸ್ ತೆಗೆದುಕೊಳ್ಳುತ್ತೇವೆ. ಒಂದು ಕ್ಷಣದ ಕೆಲಸ. ಆದರೆ ಹೀಗೆ ಅನ್ನು ಎಂದು ಯಾರಾದರೂ ಹೇಳಿದರೆ ಅದನ್ನು ಬಿಟ್ಟು ಬೇರೆ ಏನನ್ನಾದರೂ ಅನ್ನುವುದು ನನ್ನ ಹುಟ್ಟುಗುಣ.

"ನಾನಿಲ್ಲಿ ಬಿಡ್ತು ಅಂದ್ರೆ ಮದರಾಸಲ್ಲಿ ಕೂತಿರೋ ಆಫೀಸರ್‌ಗೆ ಕೇಳ್ಸತ್ತಾ?"

ಮೂರು ಸಲ ಕೇಳಿದಳು. ನಾನು ಅನ್ನಲಿಲ್ಲ. ವೀಸಾ ಸಿಗಲಿಲ್ಲ.

ಫೋನಿನಲ್ಲಿ ಅವಳು ಹೇಳಿದ್ದು ಒಂದೇ ಮಾತು: "ನಿನ್ನ ಬಾಯಿಂದ ಬಂದಿತ್ತಲ್ಲ, ಆಯ್ತು ನೋಡು." ಆಮೇಲೆ ನನಗೆ ಫೋನ್ ಮಾಡುವುದನ್ನೇ ಬಿಟ್ಟಳು. ಎದುರಾದರೆ ಅಂಚೆ ಡಬ್ಬಿಯ ಕಡೆ ತಿರುಗಿಕೊಳ್ಳುತ್ತಿದ್ದಳು. ಕನ್ನಡದವರ ಪಾಟ್‌ಲಕ್ ಊಟದಲ್ಲಿ ಆಂಟಿಯೊಬ್ಬರು ನಗುನಗುತ್ತಲೇ, "ನೀನು ಏನೂ ಹೇಳ್ಬೇಡಮ್ಮ, ನಮ್ಮದಿನ್ನೂ ಗ್ರೀನ್ ಕಾರ್ಡ್ ಬಂದಿಲ್ಲ" ಎಂದು ನನ್ನ ಬಾಯಿಗೆ ಜಾಮೂನು ತುರುಕಿದರು. ಮನೆಗೆ ಬಂದು ಅತ್ತುಬಿಟ್ಟೆ. ಅರ್ಧ ದುಃಖ, ಅರ್ಧ ಸಿಟ್ಟು.

ಆ ದಿನಗಳಲ್ಲಿ ನನ್ನನ್ನು ಕಾಪಾಡಿದ್ದು ಹತ್ತಿರದ ಕಮ್ಯುನಿಟಿ ಕಾಲೇಜಿನ ಒಂದು ಕ್ಲಾಸು. ಅಮೆರಿಕದ ಆರಂಭಕಾಲದ ಚರಿತ್ರೆ ಮತ್ತು ಸಾಹಿತ್ಯ. ಪಾಠಗಳ ಪಟ್ಟಿಯಲ್ಲಿ ಸೇಲಂ ಎಂದು ಕಂಡಾಗ ನನಗೆ ನೆನಪಾದದ್ದು ಮಾವಿನ ಹಣ್ಣು. ತಮಿಳುನಾಡಿನ ಊರಿಗೂ ಇವರಿಗೂ ಏನು ಸಂಬಂಧ ಎಂದು ಟೀಚರನ್ನು ಕೇಳಿಯೂ ಬಿಟ್ಟೆ. ಅವರು ಕೂದಲು ನರೆತ, ಸದಾ ಸ್ನೀಕರ್ಸ್ ತೊಟ್ಟಿರುತ್ತಿದ್ದ ಹೆಂಗಸು. ಮ್ಯಾಸಚೂಸೆಟ್ಸಿನಲ್ಲೂ ಒಂದು ಸೇಲಂ ಇದೆ, ಮುನ್ನೂರು ವರ್ಷಗಳ ಹಿಂದೆ ಅಲ್ಲಿ ಮಾಟಗಾತಿಯರೆಂದು ಜನರನ್ನು ವಿಚಾರಣೆ ಮಾಡಿ ಗಲ್ಲಿಗೇರಿಸಿದರು ಎಂದು ವಿವರಿಸಿದರು. ಮಾವಿನ ಹಣ್ಣಿನ ಊರನ್ನು ಗುರುತು ಮಾಡಿಕೊಂಡರು.

ಅಲ್ಲಿನ ಪ್ಯೂರಿಟನ್ನರೆಂಬ ಕಟ್ಟಾ ಕ್ರೈಸ್ತರ ಬಗ್ಗೆ ಓದುತ್ತಾ ಓದುತ್ತಾ ನನಗೆ ಇವರು ಗೊತ್ತಿರುವ ಜನವೇ ಅನ್ನಿಸಿತು. ಅಪ್ಪಟ ಮಡಿವಂತರು. ಅದು ಕೂಡದು, ಇದು ಮುಟ್ಟಕೂಡದು, ಪಕ್ಕದ ಮನೆಯವರು ಏನು ಮಾಡುತ್ತಿದ್ದಾರೆ ನೋಡದೆ ಬಿಡಕೂಡದು. ಆದರೆ ಕ್ರಿಸ್‌ಮಸ್ ಆಚರಿಸುವುದನ್ನೂ ಬೇಡವೆಂದರಂತೆ! ನಮ್ಮ ಮಡಿಯಲ್ಲಿ ಎಷ್ಟೇ ಕಾಟವಿದ್ದರೂ ಕೊನೆಗೆ ಒಬ್ಬಟ್ಟಾದರೂ ಸಿಗುತ್ತದೆ. ಹಬ್ಬವೇ ಇಲ್ಲದ ಮಡಿಯನ್ನು ಆ ಜನ ಹೇಗೆ ಸಹಿಸಿಕೊಂಡರೋ.

ಒಂದು ಮಧ್ಯಾಹ್ನ ಟೀಚರು ಮಾಟಗಾತಿಯರನ್ನು ಪತ್ತೆ ಹಚ್ಚುವ ಬಗೆಯನ್ನು ಹೇಳಿದರು. ಆರೋಪ ಹೊತ್ತವರ ಮೈಯನ್ನೆಲ್ಲ ತಡಕಿ, ಮಚ್ಚೆಯೋ ನರುಳ್ಳೆಯೋ ಕಂಡರೆ ಅದು ಸೈತಾನನ ಗುರುತು ಎನ್ನುತ್ತಿದ್ದರಂತೆ. "ಈ ಕ್ಲಾಸಿನಲ್ಲಿ ಯಾರ್‍ಯಾರು ಸಿಕ್ಕಿಬೀಳುತ್ತೀರಿ?" ಎಂದು ಕೇಳಿದರು. ಒಬ್ಬ ಮೊಣಕೈ ತೋರಿಸಿದ, ಒಬ್ಬಳು ಕತ್ತು. ನಾನು ಕೈಯೆತ್ತಿ ಎದ್ದು ನಿಂತು ನಾಲಿಗೆ ಹೊರಚಾಚಿದೆ.

ಟೀಚರು ಕನ್ನಡಕ ಹಾಕಿಕೊಂಡು ಬಂದು, ಬಗ್ಗಿ ನೋಡಿದರು. "ಅಯ್ಯೋ, ನೀನು ಮೊದಲನೆಯ ದಿನವೇ ಹೋಗಿರುತ್ತಿದ್ದೆ!" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. ವಾರಗಟ್ಟಲೆ ಭಾರವಾಗಿದ್ದ ನಾಲಿಗೆ ಅವತ್ತು ಹಗುರವಾಯಿತು. ನಮ್ಮ ಕಡೆಯ ನಂಬಿಕೆಯನ್ನು ಹೇಳಿದ ಮೇಲಂತೂ, ಹಿಂದಿನ ಬೆಂಚಿನ ಅಗ್ನಿಶಾಮಕ ದಳದವನು ಶನಿವಾರ ಮಗಳ ಸಾಫ್ಟ್‌ಬಾಲ್ ಆಟವಿದೆ, ಮಳೆ ಬರುವುದಿಲ್ಲ ಎಂದು ಹೇಳಿಬಿಡು ಎಂದು ದುಂಬಾಲು ಬಿದ್ದ.

ನಗು ನಿಂತ ಮೇಲೆ ಟೀಚರು ಉಳಿದದ್ದನ್ನು ಹೇಳಿದರು. ಭಿಕ್ಷೆ ಸಿಗದ ಮುದುಕಿಯೊಬ್ಬಳು ಏನೋ ಗೊಣಗುತ್ತಾ ಹೋಗುತ್ತಾಳೆ, ಆ ಮನೆಯ ಹಸು ಸಾಯುತ್ತದೆ. ಆರೋಪ ಶುರುವಾಗಲು ಅಷ್ಟೇ ಸಾಕಾಗಿತ್ತು. ಹೌದು ನಾನೇ ಮಾಡಿದೆ ಎಂದು ಒಪ್ಪಿಕೊಂಡವರು ಸೇಲಂನಲ್ಲಿ ಬದುಕಿಕೊಂಡರು. ಇಲ್ಲ ಎಂದು ಗಟ್ಟಿಯಾಗಿ ನಿಂತವರು ನೇಣಿಗೆ ಹೋದರು.

ಕ್ಲಾಸೆಲ್ಲ ಮುದುಕಿಯ ಪಕ್ಷ. ನಾನೂ ಅವಳ ಪಕ್ಷವೇ, ಬೇರೆ ದಾರಿಯಿದೆಯೇ? ಆದರೆ ಕಾರು ಓಡಿಸಿಕೊಂಡು ಮನೆಗೆ ಬರುವಾಗ ನನ್ನ ಮನಸ್ಸು ಹಸು ಕಳೆದುಕೊಂಡವಳ ಕಡೆ ಹೋಯಿತು. ಅವಳ ಕೊಟ್ಟಿಗೆ ಖಾಲಿ. ಯಾರನ್ನು ದೂರಬೇಕೋ ಗೊತ್ತಾಗಿರಲಿಲ್ಲ. ನೇಣಿಗೆ ಹೋದವರು ಹಟ ಹಿಡಿದದ್ದು ಸತ್ಯಕ್ಕಾಗಿ. ನಾನು ಹಟ ಹಿಡಿದದ್ದು ಬರೀ ಜಂಬಕ್ಕೆ. ಹೆದರಿದ ಬಸುರಿ ಹೆಂಗಸು ಕೇಳಿದ್ದು ಎರಡಕ್ಷರ, ಅದನ್ನೂ ನಾನು ಕೊಟ್ಟಿರಲಿಲ್ಲ.

ಕಾರನ್ನು ನಮ್ಮ ಮನೆಯ ಮುಂದೆ ನಿಲ್ಲಿಸಲಿಲ್ಲ, ಅವಳ ಮನೆಯ ಮುಂದೆ ನಿಲ್ಲಿಸಿದೆ. ಬಾಗಿಲು ತೆರೆದಳು. ಕಾಲು ಊದಿಕೊಂಡಿತ್ತು, ಗಂಡನ ಚಪ್ಪಲಿ ಹಾಕಿಕೊಂಡಿದ್ದಳು.

"ಬಿಡ್ತು," ಎಂದೆ. "ಬಿಡ್ತು, ಬಿಡ್ತು, ಬಿಡ್ತು. ಮೂರು ವಾರ ಲೇಟಾಯ್ತು, ಸಾರಿ ಕಣೇ."

ಅವಳು ಅತ್ತಳು, ಅಳುತ್ತಲೇ ನಕ್ಕಳು. "ಒಳಗೆ ಬಾರೇ, ಮಾಟಗಾತಿ."

ಕ್ಲಾಸಿನಲ್ಲಿ ನಾಲಿಗೆ ತೋರಿಸಿದ್ದನ್ನು ಹೇಳಿದೆ. ನಗಿಸಬೇಡ, ಮಗು ಒದೀತಿದೆ ಎಂದಳು. ಕಾಫಿ ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡಳು. "ಬರೀ ಬಿಡ್ತು ಸಾಲ್ದು. ಅಮ್ಮ ಬರ್ತಾರೆ ಅಂತ ಹೇಳು. ಆ ನಾಲಿಗೆಯಿಂದಾನೇ ಹೇಳು."

ನನಗೆ ಮಚ್ಚೆಯಲ್ಲಿ ನಂಬಿಕೆಯಿರಲಿಲ್ಲ. ಆದರೂ ಆ ಗಳಿಗೆಯಲ್ಲಿ ಸೇಲಂನವರ ಮುಂದೆ ನಿಂತವಳ ಹಾಗೆ ಒಪ್ಪಿಕೊಂಡೆ. "ಹೌದು ಕಣೇ, ನನ್ನ ನಾಲಿಗೆ ಆಡಿದ್ದು ಆಗೇ ಆಗತ್ತೆ. ನಿಮ್ಮಮ್ಮ ಬರ್ತಾರೆ." ಅಷ್ಟು ಮನಸಾರೆ ನಾನು ಏನನ್ನೂ ಹಾರೈಸಿದ್ದಿಲ್ಲ.

ಮಚ್ಚೆಯ ಮೇಲೆ ಭಾರ ಹಾಕಿ ಸುಮ್ಮನೆ ಕೂರಲಿಲ್ಲ, ಅದನ್ನೂ ಹೇಳಬೇಕು. ಡಾಕ್ಟರ ಪತ್ರ ತಂದೆವು, ಮರುಅರ್ಜಿಗೆ ಬೇಕಾದ ಕಾಗದಗಳನ್ನೆಲ್ಲ ಸೇರಿಸಿ ಕಳಿಸಿದೆವು. ಎರಡನೇ ಸಲ ವೀಸಾ ಸಿಕ್ಕಿತು. ಒಂದು ಗಂಟೆ ದೂರದ ಡಲ್ಲಸ್ ಏರ್‌ಪೋರ್ಟಿಗೆ ಕಾರು ಓಡಿಸಿದವಳು ನಾನೇ. ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಮಫ್ಲರು ಸುತ್ತಿಕೊಂಡು ಹೊರಬಂದ ಆ ತಾಯಿ ಮಗಳನ್ನು ಅಪ್ಪಿಕೊಂಡು ಚೆನ್ನಾಗಿ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಎಲ್ಲಿ, ನಾಲಿಗೆ ತೋರ್ಸಮ್ಮ."

ಅಷ್ಟು ಜನರ ನಡುವೆ ನಾಲಿಗೆ ಚಾಚಿದೆ. ನೋಡಿ, ಕೆನ್ನೆ ಸವರಿ ನೆಟಿಗೆ ಮುರಿದರು.

ಹೆರಿಗೆ ಸುಖವಾಗಿ ಆಯಿತು, ಹೆಣ್ಣು ಮಗು. ಬೆಳಿಗ್ಗೆ ಅವಳಮ್ಮ ಮಾಡಿಕೊಟ್ಟ ಮೆಣಸಿನ ಸಾರನ್ನು ಫ್ಲಾಸ್ಕಿನಲ್ಲಿ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಕೆಂಪಗೆ, ಮುಷ್ಟಿ ಬಿಗಿದುಕೊಂಡು ಮಲಗಿದ್ದ ಮಗು ಬಾಯಿ ಅಗಲಿಸಿ ಆಕಳಿಸಿತು. ಗೆಳತಿ ತಟ್ಟನೆ ಬಗ್ಗಿ ಅದರ ಬಾಯೊಳಗೆ ಇಣುಕಿದಳು.

"ಏನೇ ನೋಡ್ತಿದೀಯ?"

"ಇಲ್ಲ ಕಣೇ," ಎಂದಳು ಮುಖ ಸಣ್ಣದು ಮಾಡಿಕೊಂಡು. "ಇವಳ ನಾಲಿಗೇಲಿ ಮಚ್ಚೆ ಇಲ್ಲ."